ಮೂರನೇ ನಂಬರಿನ ಉತ್ತರ

ಆಗಸ್ಟಿನ್ ಪ್ರಿಡ್‌ಮೋರ್ ಆ ಬುಧವಾರ ಬೆಳಿಗ್ಗೆ ಒಂದು ಕಾಗದವನ್ನು ಕೊನೆಯ ಸಾಲಿನವರೆಗೆ ಓದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಆದರೆ ನಮ್ಮ ಥಾರ್ನ್‌ಬಿ ಊರಿನ ಗುಡ್ಡದ ಮೇಲಿರುವ ವೀಕ್ಷಣಾಲಯಕ್ಕೆ ದಿನಕ್ಕೆ ನಲವತ್ತು ಕಾಗದ ಬರುತ್ತಿದ್ದವು. ಅವನ್ನೆಲ್ಲ ಕೊನೆಯವರೆಗೆ ಓದುವುದೆಂದರೆ ಯಾರಿಗಾದರೂ ತಲೆ ಕೆಡುತ್ತದೆ.

ವೀಕ್ಷಣಾಲಯದ ಯಜಮಾನರು ಡಾಕ್ಟರ್ ಗಾರ್ಬಟ್. ಬಂದ ಕಾಗದಕ್ಕೆ ಅದೇ ದಿನ ಉತ್ತರ ಹೋಗಬೇಕು, ಹೋದ ಉತ್ತರಕ್ಕೆ ನಕಲು ಉಳಿಯಬೇಕು, ನಕಲಿಗೆ ತೂತು ಹೊಡೆದು ದಾರ ಕಟ್ಟಬೇಕು ಎಂಬುದು ಅವರ ಕಟ್ಟಪ್ಪಣೆ. ಅವರು ಸ್ವಂತ ಅತ್ತೆಗೆ ಬರೆದ ಕ್ರಿಸ್‌ಮಸ್ ಕಾಗದಕ್ಕೂ ನಕಲಿತ್ತು. ‘ಅತ್ತೆ’ ಎಂಬ ಕಟ್ಟು ‘ಧೂಮಕೇತು’ ಎಂಬ ಕಟ್ಟಿನ ಪಕ್ಕದಲ್ಲೇ ಕುಳಿತಿತ್ತು.

ಪ್ರಿಡ್‌ಮೋರ್ ಅಲ್ಲಿನ ಪತ್ರಗುಮಾಸ್ತ. ವಯಸ್ಸು ಮೂವತ್ತೆಂಟು, ಮದುವೆಯಿಲ್ಲ, ಮಾತೂ ಕಡಿಮೆ. ಊರಿನವರಿಗೆ ಆಕಾಶದಲ್ಲಿ ಏನು ಕಂಡರೂ ವೀಕ್ಷಣಾಲಯಕ್ಕೆ ಬರೆಯುವ ಚಟ. ಅದಕ್ಕಾಗಿ ಡಾಕ್ಟರು ನಾಲ್ಕು ಬಗೆಯ ಉತ್ತರಗಳನ್ನು ಅಚ್ಚು ಹಾಕಿಸಿ ಇಟ್ಟಿದ್ದರು. ಒಂದನೆಯದು ಪ್ರಳಯ ಯಾವಾಗ ಎಂದು ಕೇಳುವವರಿಗೆ, ಎರಡನೆಯದು ಭೂಮಿ ಚಪ್ಪಟೆ ಎಂದು ಹಟ ಹಿಡಿದವರಿಗೆ. ನಾಲ್ಕನೆಯದು ಯಾರಿಗೆಂದು ಡಾಕ್ಟರಿಗೂ ಮರೆತುಹೋಗಿತ್ತು. ಹೆಚ್ಚು ಖರ್ಚಾಗುತ್ತಿದ್ದುದು ಮೂರನೆಯದೇ:

‘ನೀವು ಕಂಡದ್ದು ಶುಕ್ರಗ್ರಹ. ಅದರಲ್ಲಿ ಹೊಸದೇನೂ ಇಲ್ಲ. ಅದು ಕೆಲವು ದಿನ ಸಂಜೆ ಹೊತ್ತು ಕಾಣಿಸಿಕೊಂಡು ಆಮೇಲೆ ತಾನಾಗಿಯೇ ಮರೆಯಾಗುತ್ತದೆ. ಅದರಿಂದ ಯಾರಿಗೂ ಕೆಡುಕಿಲ್ಲ, ಉಪಯೋಗವೂ ಇಲ್ಲ. ಈ ವಿಷಯವಾಗಿ ಮತ್ತೆ ಬರೆಯಬೇಕಾಗಿಲ್ಲ.’

ಉತ್ತರ ಆರಿಸಿ ಸಹಿ ಹಾಕುವುದಷ್ಟೇ ಪ್ರಿಡ್‌ಮೋರನ ಕೆಲಸ. ವಿಳಾಸ ಬರೆಯುವುದು, ಒದ್ದೆ ಕಾಗದ ಇಟ್ಟು ಒತ್ತಿ ನಕಲು ತೆಗೆಯುವುದು, ತೂತು ಹೊಡೆಯುವುದು ಎಲ್ಲ ಎದುರು ಮೇಜಿನ ಲಮ್ಲಿಯದು. ಆ ಬುಧವಾರ ಒಂದು ಕಾಗದವನ್ನು ‘ಮೂರು ಸಂಜೆಯಿಂದ ನನ್ನ ಕಿಟಕಿಯ ಪಶ್ಚಿಮಕ್ಕೆ ಒಂದು ಬೆಳಕು’ ಎಂಬಲ್ಲಿಯವರೆಗೆ ಓದಿದ ಪ್ರಿಡ್‌ಮೋರ್ ಆಕಳಿಸಿ, ಮೂರನೇ ನಂಬರಿಗೆ ಸಹಿ ಹಾಕಿ ಆಚೆ ತಳ್ಳಿದ. ಮಧ್ಯಾಹ್ನ ಹನ್ನೆರಡರ ಟಪಾಲಿಗೆ ಅದು ಹೋಯಿತು.

ಊಟ ಮುಗಿಸಿ ಬಂದ ಲಮ್ಲಿ, ಬೆಳಿಗ್ಗೆ ಬಂದಿದ್ದ ಆ ಕಾಗದಕ್ಕೆ ತೂತು ಹೊಡೆಯಲು ಹೋಗಿ ಅಲ್ಲೇ ನಿಂತ. ಲಮ್ಲಿಗೆ ಕೆಲಸಕ್ಕಿಂತ ಕುತೂಹಲ ಜಾಸ್ತಿ.

“ಪ್ರಿಡ್‌ಮೋರ್, ಈ ತಿಂಗಳು ಶುಕ್ರ ಎಲ್ಲಿದಾನಪ್ಪಾ?”

“ಬೆಳಗಿನ ಜಾವ, ಪೂರ್ವದಲ್ಲಿ. ಯಾಕೆ?”

“ಏನಿಲ್ಲ. ನೀನು ಅವನನ್ನ ಸಂಜೆ ಪಶ್ಚಿಮಕ್ಕೆ ತಂದು ಕೂರಿಸಿದೀಯ. ಅದೂ ಪೈ ಅಂಗಡಿಯ ಹಾಲ್‌ರಾಯ್ಡಮ್ಮನ ಕಿಟಕಿ ಮುಂದೆ.”

ಪ್ರಿಡ್‌ಮೋರ್ ಕಾಗದ ಕಿತ್ತುಕೊಂಡ. ಅದರಲ್ಲಿ ಹೀಗಿತ್ತು:

‘ಮೂರು ಸಂಜೆಯಿಂದ ನನ್ನ ಕಿಟಕಿಯ ಪಶ್ಚಿಮಕ್ಕೆ ಒಂದು ಬೆಳಕು, ಚರ್ಚಿನ ಕಂಬಿಬೇಲಿಯ ಹತ್ತಿರ ಕಾಣಿಸುತ್ತಿದೆ. ಸರಿಯಾಗಿ ಎಂಟಕ್ಕೆ ಬರುತ್ತದೆ. ಅರ್ಧ ಗಂಟೆ ನಿಲ್ಲುತ್ತದೆ. ಸ್ವಲ್ಪ ನಡುಗುತ್ತದೆ. ಹೋಗುತ್ತದೆ. ಇದು ನಕ್ಷತ್ರವೋ ಬೇರೆ ಏನೋ ನನಗೆ ತಿಳಿಯಬೇಕು. ಬುಧವಾರ ಸಂಜೆ ಐದಕ್ಕೆ ಒಂದು ಮುಖ್ಯ ವಿಷಯ ತೀರ್ಮಾನಿಸಬೇಕಾಗಿದೆ. ಅಷ್ಟರಲ್ಲಿ ಉತ್ತರ ಬಂದರೆ ಉಪಕಾರ. ಇಂತಿ, ಕೆಜಾಯ ಹಾಲ್‌ರಾಯ್ಡ್.’

ಪ್ರಿಡ್‌ಮೋರನ ಜೀವ ಬಾಯಿಗೆ ಬಂತು. ಏಕೆಂದರೆ ಆ ಬೆಳಕು ಬೇರಾರೂ ಅಲ್ಲ, ಅವನೇ.

ವಿಧವೆ ಕೆಜಾಯ ಹಾಲ್‌ರಾಯ್ಡ್ ಹಿಟ್ಟಿನೊಳಗೆ ಹಂದಿಮಾಂಸ ತುಂಬಿ ಬೇಯಿಸುವ ಪೈಗಳನ್ನು ಅವನು ಮೂರು ವರ್ಷದಿಂದ ಶನಿವಾರ ತಪ್ಪದೆ ಕೊಳ್ಳುತ್ತಿದ್ದ. ಅವನಿಗೆ ಹಂದಿಮಾಂಸ ಸೇರುತ್ತಿರಲಿಲ್ಲ. ಔಷಧದಂಗಡಿಯ ಮಾವ್ಸನ್ ಆಕೆಯನ್ನು ಮದುವೆಗೆ ಕೇಳಿದ್ದಾನೆಂಬ ಸುದ್ದಿ ಭಾನುವಾರ ಕಿವಿಗೆ ಬಿತ್ತು. ಅಂದಿನಿಂದ ಅವನು ಪ್ರತಿ ಸಂಜೆ ವೀಕ್ಷಣಾಲಯದ ಲಾಂದ್ರ ಹಿಡಿದು ಗುಡ್ಡವಿಳಿದು, ಇವತ್ತು ಬಾಗಿಲು ತಟ್ಟಿಯೇ ಬಿಡುತ್ತೇನೆಂದು ಹೋಗಿ, ಅಂಗಡಿಯ ಎದುರಿನ ಕಂಬಿಬೇಲಿ ಹಿಡಿದು ನಡುಗಿ, ವಾಪಸು ಬರುತ್ತಿದ್ದ. ಎಂಟು ಗಂಟೆಗೆ ಅವನು ಗುಡ್ಡದ ಮೇಲೆ ಥರ್ಮಾಮೀಟರ್ ನೋಡಿ ಬರೆಯಬೇಕಿತ್ತು. ಮೂರು ದಿನದ ಅಂಕಿಗಳನ್ನು ಅಂದಾಜಿನ ಮೇಲೆ ಬರೆದಿದ್ದ. ಡಾಕ್ಟರಿಗೆ ಗೊತ್ತಾದರೆ ಕೆಲಸ ಹೋದ ಹಾಗೆಯೇ.

‘ಅವಳಿಗೆ ನಾನೆಂದು ಗೊತ್ತಾಗಿದೆ’ ಎಂದುಕೊಂಡ ಪ್ರಿಡ್‌ಮೋರ್. ‘ಐದು ಗಂಟೆ ಎಂದರೆ ಮಾವ್ಸನ್ ಉತ್ತರಕ್ಕೆ ಬರುವ ಹೊತ್ತು. ಬಾಯಿ ಬಿಟ್ಟು ಹೇಳು ಮಾರಾಯ ಅಂತ ಪಾಪ ಅವಳೇ ನಾಚಿಕೆ ಬಿಟ್ಟು ಬರೆದಳು. ಅದಕ್ಕೆ ನಾನು ಕಳಿಸಿದ್ದೇನು? ಉಪಯೋಗವೂ ಇಲ್ಲ, ಮತ್ತೆ ಬರೆಯಬೇಕಾಗಿಲ್ಲ.’

ಅಷ್ಟರಲ್ಲಿ ಲಮ್ಲಿ ಡಾಕ್ಟರನ್ನೇ ಕರೆದುಕೊಂಡು ಬಂದಿದ್ದ. ತಪ್ಪು ಉತ್ತರ ಹೋಯಿತೆಂದು ಅವರು ಕೆಂಡ ಕಾರುತ್ತ ಬಂದು ಕೂತವರು, ಕಾಗದ ಓದುತ್ತ ಓದುತ್ತ ಕುರ್ಚಿಯ ತುದಿಗೆ ಬಂದರು.

“ನಡುಗುತ್ತೆ ಅಂತ ಬರೆದಿದಾರೆ. ಗಮನಿಸಿದ್ರಾ? ನಕ್ಷತ್ರ ಮಿನುಗುತ್ತೆ, ನಡುಗಲ್ಲ. ಮೂರು ದಿನ ಅದೇ ಜಾಗ, ಅದೇ ಹೊತ್ತು. ಧೂಮಕೇತು ಹೀಗೆ ಮಾಡಲ್ಲ. ಉಲ್ಕೆಗಂತೂ ಅಷ್ಟು ತಾಳ್ಮೆ ಇಲ್ಲ. ಪ್ರಿಡ್‌ಮೋರ್, ಎಂಟು ಗಂಟೆಗೆ ನೀವು ಥರ್ಮಾಮೀಟರ್ ಹತ್ರಾನೇ ಇರ್ತೀರಿ. ಅಲ್ಲಿಂದ ಚರ್ಚು ಕಾಣುತ್ತೆ. ಏನಾದ್ರೂ ಕಂಡ್ರಾ?”

“ಇಲ್ಲ ಸರ್. ಮಂಜು ಮುಸುಕಿತ್ತು.”

“ಮಂಜಾ?” ಎಂದ ಲಮ್ಲಿ. “ರಿಜಿಸ್ಟರಲ್ಲಿ ಮೂರು ದಿನವೂ ಆಕಾಶ ನಿಚ್ಚಳ ಅಂತ ಬರೆದಿದೀಯಲ್ಲ.”

“ಮೇಲೆ ನಿಚ್ಚಳ. ಕೆಳಗೆ ಮಂಜು.”

“ಇದು ಇನ್ನೂ ಸ್ವಾರಸ್ಯ,” ಎಂದು ಡಾಕ್ಟರು ಅದನ್ನೂ ಬರೆದುಕೊಂಡರು. “ನಾಲ್ಕೂವರೆಗೆ ನಾವೇ ಹೋಗಿ ಜಾಗ ನೋಡೋಣ. ಕೋನ ಅಳೆಯೋ ಯಂತ್ರ ತಗೊಳ್ಳಿ, ಲಮ್ಲಿ.”

ಪ್ರಿಡ್‌ಮೋರ್ ಹಲ್ಲುನೋವೆಂದು ಹೇಳಿ ಟೋಪಿಯನ್ನೂ ಮರೆತು ಗುಡ್ಡದಿಂದ ಓಡಿದ. ಆ ಕಾಗದ ಅವಳ ಕೈ ಸೇರಬಾರದು. ಅಂಚೆಯ ಜೇಬೆಜ್ ನಾಲ್ಕರ ಬಟವಾಡೆಗೆ ಹೊರಟಿದ್ದವನು ಸೇತುವೆಯ ಹತ್ತಿರ ಸಿಕ್ಕಿದ.

“ಜೇಬೆಜ್, ಹಾಲ್‌ರಾಯ್ಡ್ ಅವರ ಕಾಗದ ಒಂದು ವಾಪಸು ಕೊಡಪ್ಪ. ನಾನೇ ಬರೆದದ್ದು.”

“ಬರೆದದ್ದು ನೀವೇ ಇರಬಹುದು ಸ್ವಾಮಿ. ಡಬ್ಬಿಗೆ ಬಿದ್ದ ಮೇಲೆ ಅದು ಮಹಾರಾಣಿಯವರ ಜವಾಬ್ದಾರಿ. ಮಹಾರಾಣಿಯವರು ಅಂದ್ರೆ ಸದ್ಯಕ್ಕೆ ನಾನು.”

“ಹಾಗಾದ್ರೆ ಅವರ ಮನೆಗೆ ಕೊನೆಗೆ ಹೋಗು.”

“ಮೊದಲು ಅಲ್ಲಿಗೇ ಹೋಗಿ ಬಂದೆ. ಬಿಸಿ ಪೈ ಇರುತ್ತಲ್ಲ,” ಎಂದು ಜೇಬೆಜ್ ಮೀಸೆ ಒರೆಸಿಕೊಂಡ. “ಇವತ್ತು ಆ ಯಮ್ಮ ಒಲೆ ಕಡೆ ನೋಡ್ತಾನೇ ಇಲ್ಲ. ಐದಕ್ಕೆ ಮಾವ್ಸನ್ ಬರ್ತಾರಂತೆ. ಹೊಸ ಕೈಗವಸು ಹಾಕ್ಕೊಂಡು ಆಗಲೇ ಎರಡು ಸಲ ಆ ಬೀದಿ ಸುತ್ತಿ ಹೋದ್ರು. ನಿಮಗೇನ್ರೀ, ಮುಖ ಮೈದಾ ಹಿಟ್ಟಿನ ಥರ ಆಗಿದೆ?”

ಪ್ರಿಡ್‌ಮೋರ್ ಅಲ್ಲಿಂದಲೇ ಓಡಿದ. ಪೈ ಅಂಗಡಿಯ ಬಾಗಿಲು ದೂಡಿಕೊಂಡು ಒಳಗೆ ಹೋದಾಗ ಕೆಜಾಯ ಆ ಅಚ್ಚಿನ ಕಾಗದವನ್ನೇ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ನಗುವಿತ್ತು.

“ಬನ್ನಿ ಪ್ರಿಡ್‌ಮೋರ್ ಅವರೇ. ನಿಮ್ಮದೇ ಸಹಿ ಇದೆ. ಶುಕ್ರ ಅಂತೆ. ನನ್ನ ಎದೆ ಮೇಲಿನ ಕಲ್ಲು ಇಳಿಸಿದ್ರಿ.”

‘ಚುಚ್ಚುತ್ತಿದ್ದಾಳೆ’ ಎಂದುಕೊಂಡ ಅವನು. “ಆ ಉತ್ತರ... ಅದು... ನನಗೊಂದು ಪೈ ಕೊಡಿ,” ಎಂದ.

ಅವಳು ಪೈ ಕಟ್ಟಿ ಕೊಟ್ಟಳು. ಅವನು ಅದನ್ನು ಎದೆಗೆ ಒತ್ತಿಕೊಂಡು, ಹೇಳಬೇಕಾದ ಮಾತನ್ನು ಗಂಟಲ ತನಕ ತಂದ. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆದು, ಡಾಕ್ಟರ್ ಗಾರ್ಬಟ್ ಒಳಗೆ ಬಂದರು. ಅವರ ಹಿಂದೆ ಯಂತ್ರ ಹೊತ್ತ ಲಮ್ಲಿ.

“ಹಲ್ಲುನೋವಿಗೆ ಪೈ ತಿಂತಿದೀಯಾ?” ಎಂದು ಲಮ್ಲಿ ಮೆಲ್ಲಗೆ ಕೇಳಿದ.

ಡಾಕ್ಟರು ಯಾರನ್ನೂ ನೋಡಲಿಲ್ಲ. ಕಿಟಕಿಯಿಂದ ಬೇಲಿಗೆ ಕೋನ ಅಳೆದರು. ಬೀದಿ ದಾಟಿ ಹೋಗಿ, ಅಷ್ಟು ದೊಡ್ಡ ವಿದ್ವಾಂಸರು ಮೊಣಕಾಲೂರಿ ಕಲ್ಲುಹಾಸನ್ನು ಮೂಸಿದರು. ವಾಪಸು ಬಂದಾಗ ಅವರ ಬೆರಳು ಜಿಡ್ಡಾಗಿತ್ತು, ಮುಖ ಬಾಡಿತ್ತು.

“ಲಾಂದ್ರದ ಎಣ್ಣೆ. ಕ್ಷಮಿಸಬೇಕು, ಮಿಸೆಸ್ ಹಾಲ್‌ರಾಯ್ಡ್. ನಮ್ಮಿಂದ ತಪ್ಪು ಉತ್ತರ ಬಂದಿದೆ. ನೀವು ಕಂಡದ್ದು ಶುಕ್ರ ಅಲ್ಲ. ಯಾರೋ ಒಬ್ಬ ಮನುಷ್ಯ ಲಾಂದ್ರ ಹಿಡಿದು ಅಲ್ಲಿ ನಿಂತಿರ್ತಾನೆ.”

ಕೆಜಾಯಳ ನಗು ಮಾಯವಾಯಿತು. “ಹಾಗಾದ್ರೆ ಮನುಷ್ಯನೇ,” ಎಂದಳು. “ಅರ್ಧ ಗಂಟೆ ನಿಂತು, ಬಾಗಿಲೂ ತಟ್ಟದೆ ಹೋಗ್ತಾನೆ. ಸರಿ. ಹಾಗಿದ್ರೆ ನಾನು ಕೊಡೋ ಉತ್ತರವೂ ಬೇರೆ.”

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷವಿತ್ತು. ಕಿಟಕಿಯಾಚೆ ಮಾವ್ಸನ್ ಹೂಗುಚ್ಛ ಹಿಡಿದು ಬೀದಿ ದಾಟುತ್ತಿದ್ದ. ಪ್ರಿಡ್‌ಮೋರ್ ಡಾಕ್ಟರನ್ನು ನೋಡಿದ, ಕೆಜಾಯಳನ್ನು ನೋಡಿದ. ಕೆಲಸ ಹೋದರೆ ಹೋಗಲಿ, ಇದು ಹೋಗಬಾರದು ಎನ್ನಿಸಿತು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವನು ಗಟ್ಟಿಯಾಗಿ ಮಾತಾಡಿದ.

“ಆ ಬೆಳಕು ನಾನೇ.”



“ನೀವಾ?” ಎಂದಳು ಕೆಜಾಯ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನಾನು ಮಾವ್ಸನ್ ಅವರು ಅಂದ್ಕೊಂಡಿದ್ದೆ. ಭಾನುವಾರ ನನ್ನ ಕೇಳಿದ್ರು, ಭಾನುವಾರದಿಂದಲೇ ಬೆಳಕು ಶುರುವಾಯ್ತು. ಮದುವೆಗೆ ಮುಂಚೇನೇ ಕಾವಲು ಕಾಯೋ ಗಂಡ ನನಗೆ ಬೇಡ, ಇಲ್ಲ ಅಂತಾನೇ ಹೇಳೋದು ಅಂತಿದ್ದೆ. ಆದರೂ ಅನ್ಯಾಯ ಆಗಬಾರದು, ನಕ್ಷತ್ರಾನೋ ಏನೋ ಕೇಳಿ ನೋಡೋಣ ಅಂತ ನಿಮ್ಮಲ್ಲಿಗೆ ಬರೆದೆ. ಪಾಪ, ಆ ಮನುಷ್ಯನ ಮೇಲೆ ಸುಮ್ಮನೆ ಅನುಮಾನಪಟ್ಟೆ.”

ಅವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಹೋಗಿ ಬಾಗಿಲು ತೆರೆದಳು. ಹೊಸ್ತಿಲಲ್ಲಿದ್ದ ಮಾವ್ಸನ್ ಬಾಯಿ ತೆರೆಯುವ ಮೊದಲೇ ಹೂಗುಚ್ಛ ತೆಗೆದುಕೊಂಡು, “ಆಗಲಿ ರೀ, ನನಗೆ ಒಪ್ಪಿಗೆ. ಒಳಗೆ ಬನ್ನಿ,” ಎಂದಳು.

ಡಾಕ್ಟರ್ ಗಾರ್ಬಟ್ ಮಾತ್ರ ಪ್ರಿಡ್‌ಮೋರನ ಮೇಲಿನ ಕಣ್ಣು ತೆಗೆದಿರಲಿಲ್ಲ. “ಎಂಟು ಗಂಟೆಗೆ ನೀವು ಇಲ್ಲಿದ್ರಿ,” ಎಂದರು ನಿಧಾನವಾಗಿ. “ಹಾಗಾದ್ರೆ ಥರ್ಮಾಮೀಟರ್ ಹತ್ರ ಯಾರಿದ್ರು? ಇಪ್ಪತ್ತೆರಡು ವರ್ಷ ಒಂದು ದಿನ ತಪ್ಪದ ದಾಖಲೆ ಅದು. ಈ ತಿಂಗಳ ಕೊನೆಗೆ ನೀವು ಹೊರಡಬಹುದು.”

ಪ್ರಿಡ್‌ಮೋರ್ ತಲೆ ಬಗ್ಗಿಸಿ ಬಾಗಿಲ ಕಡೆ ಹೆಜ್ಜೆ ಇಟ್ಟ.

“ನಿಲ್ಲಿ. ತಪ್ಪು ಉತ್ತರ ಊರಲ್ಲಿ ಉಳೀಬಾರದು.” ಡಾಕ್ಟರು ಅಂಗಡಿಯ ಮೇಜಿನ ಮೇಲಿದ್ದ ಅಚ್ಚಿನ ಕಾಗದವನ್ನು ಅವನ ಮುಂದೆ ಸರಿಸಿ ಪೆನ್ಸಿಲು ಕೊಟ್ಟರು. “‘ಶುಕ್ರಗ್ರಹ’ ಅನ್ನೋದನ್ನ ಹೊಡೆದು ಹಾಕಿ. ಅಲ್ಲಿ ನಿಮ್ಮ ಹೆಸರು ಬರೀರಿ.”

ಅವನು ಹೊಡೆದುಹಾಕಿ ಬರೆದ. ಮುಂದೇನು ತಿದ್ದಬೇಕೆಂದು ಪೆನ್ಸಿಲು ಹಿಡಿದು ಕಾದ. ಡಾಕ್ಟರು ಕನ್ನಡಕ ಏರಿಸಿಕೊಂಡು ‘ತಾನಾಗಿಯೇ ಮರೆಯಾಗುತ್ತದೆ’, ‘ಕೆಡುಕಿಲ್ಲ, ಉಪಯೋಗವೂ ಇಲ್ಲ’ ಎಂಬ ಉಳಿದ ಸಾಲುಗಳನ್ನು ಒಂದೊಂದಾಗಿ ಕೊನೆಯವರೆಗೆ ಓದಿದರು.

“ಮಿಕ್ಕಿದ್ದು ಹಾಗೇ ಇರಲಿ,” ಎಂದರು. “ಎಲ್ಲ ಸರಿಯಾಗೇ ಇದೆ.”