ನನ್ನ ಪಾತ್ರೆಗಳು ವಾಪಸು ಬರುವವರೆಗೆ

ಶಿಕ್ಷಕರ ವರ್ಗಾವಣೆಯ ಭಾರ ಹೊತ್ತು ಕೂತಿರುವ ಮಾನ್ಯ ಅಧಿಕಾರಿಗಳೇ,

ದೇವರು ತಮ್ಮನ್ನೂ ತಮ್ಮ ಕುರ್ಚಿಯನ್ನೂ ತಣ್ಣಗಿಟ್ಟಿರಲಿ. ಶಾಲೆಯ ಕಾಂಪೌಂಡಿಗೆ ಅಂಟಿಕೊಂಡ ಮನೆಯವಳಾದ ನಾನು, ಹಳ್ಳಿ ಶಾಲೆಯಲ್ಲಿ ಕಲಿತ ನಾಲ್ಕಕ್ಷರದ ಧೈರ್ಯದಿಂದ, ನಿಮ್ಮ ಟೀಚರಮ್ಮನ ಮೇಲೆ ಈ ದೂರನ್ನು ಊರೆಲ್ಲ ಓದಲೆಂದೇ ಬರೆಯುತ್ತಿದ್ದೇನೆ.

ಆಕೆ ಬಂದಾಗಿನಿಂದ ನನ್ನ ಅಡುಗೆಮನೆ ನನ್ನದಾಗಿ ಉಳಿದಿಲ್ಲ. ಶಾಲೆಗೆ ತಾವು ದಯಪಾಲಿಸಿರುವುದು ಸೋರುವ ಒಂದು ಸೂರು, ಅಷ್ಟೇ. "ಅಕ್ಕಾ, ಸೋರೋ ಕಡೆ ಇಡೋಕೆ ಎರಡು ಪಾತ್ರೆ ಕೊಡ್ತೀರಾ?" ಎಂದು ಬಂದಳು, ಪಾಪ ಎಂದು ಕೊಟ್ಟೆ. ಆ ಮಹಾತಾಯಿ ನೆಲ ಒಣಗಿಸಿಕೊಂಡು ಸುಮ್ಮನಿರಬೇಕೋ ಬೇಡವೋ? ಯಾವ ಪಾತ್ರೆ ಮೊದಲು ತುಂಬುತ್ತದೆ, ಯಾಕೆ ಎಂದು ಮಕ್ಕಳನ್ನು ಕೆಣಕಿ, ತಾವು ಕೊಟ್ಟ ಸೂರಿನ ತೂತುಗಳನ್ನೇ ಪಾಠ ಮಾಡಿಬಿಟ್ಟಳು. ಆಮೇಲೆ ನನ್ನ ಕನ್ನಡಿ ಬೆಳಕಿನ ಪಾಠಕ್ಕೆ ಹೋಯಿತು. ಜರಡಿಯೂ ಹೋಯಿತು. ಕುಕ್ಕರಿನ ವಿಷಲ್ ಆವಿಯ ಪಾಠಕ್ಕೆ ಹೋದ ದಿನ ನಮ್ಮ ಯಜಮಾನರು ಬೇಯದ ಕಾಳು ಅಗಿಯುತ್ತ, "ನಾಳೆ ನನ್ನನ್ನೂ ಕೊಟ್ಟು ಬರ್ತೀಯೇನೆ?" ಎಂದರು. ಯಾವ ಪಾಠಕ್ಕೂ ಉಪಯೋಗವಿಲ್ಲವೆಂದು ಕೊಡಲಿಲ್ಲ.

ಪಾತ್ರೆ ವಾಪಸು ತರಲು ಹೋದ ದಿನ ನನ್ನ ಮಾನವೂ ಹೋಯಿತು. ಉದ್ದನೆಯ ಪಾತ್ರೆಯೇ ಹೆಚ್ಚು ನೀರು ಹಿಡಿಯುತ್ತದೆಂದು, ಸೌಟು ಹಿಡಿದ ಕೈಯ ಗತ್ತಿನಲ್ಲಿ ಇಡೀ ತರಗತಿಗೆ ಸಾರಿದೆ. ಎರಡು ಜಡೆಯ ಪುಟಾಣಿಯೊಬ್ಬಳು ಲೋಟದಲ್ಲಿ ಅಳೆದು ಸುರಿದು, ಅಗಲದ್ದೇ ಗೆದ್ದಿತೆಂದು ತೋರಿಸಿ, "ಬೇಜಾರ್ ಮಾಡ್ಕೋಬೇಡಿ ದೊಡ್ಡಮ್ಮಾ, ನಾಳೆನೂ ಪಾಠ ಇದೆ, ಬನ್ನಿ" ಎಂದಳು. ಸೇಡು ತೀರಿಸಿಕೊಳ್ಳಲೆಂದೇ ಹೋದೆ. ಅಂದಿನಿಂದ ಕೊನೆಯ ಬೆಂಚಿನಲ್ಲಿ ಕೂತು ದಿನವೂ ಸೋಲುತ್ತಿದ್ದೇನೆ. ಈಗ ದೇವರ ಮುಂದೆ ದೀಪ ಹಚ್ಚಿದರೆ, ಉರಿ ಮೇಲಕ್ಕೇ ಯಾಕೆ ಹೋಗುತ್ತದೆ ಎಂಬ ಯೋಚನೆ ಹತ್ತಿ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತದೆ. ಐವತ್ತರ ಹೆಂಗಸಿಗೆ ಇದೆಲ್ಲ ಬೇಕಿತ್ತೇ?

ಇಂಥ ಅಪರಾಧಿಯನ್ನು ತಾವು, ಇಲ್ಲಿ ಪಾಠೋಪಕರಣಗಳಿಲ್ಲದೆ ಪ್ರತಿಭೆ ವ್ಯರ್ಥವಾಗುತ್ತಿದೆಯೆಂದು, ಎಲ್ಲವೂ ಇರುವ ದೊಡ್ಡ ಶಾಲೆಗೆ ವರ್ಗ ಮಾಡಿದ್ದೀರಂತೆ. ಇಲ್ಲಿಗೆ ಬದಲಿಗೆ ಯಾರೂ ಬರುವುದಿಲ್ಲವಂತೆ. ತಮ್ಮ ದೂರದೃಷ್ಟಿ ಬಹಳ ದೊಡ್ಡದು, ಹತ್ತಿರದ್ದು ಕಾಣದಷ್ಟು ದೊಡ್ಡದು. ಆದರೂ ನನ್ನ ಸಾಮಾನೆಲ್ಲ ವಾಪಸು ಬರುವವರೆಗೆ ಆಕೆಯನ್ನು ಇಲ್ಲಿಂದ ಬಿಡುಗಡೆ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದಾಗದಿದ್ದರೆ ಆ ಸೂರನ್ನು ತೂತುಗಳ ಸಮೇತ, ಬೆಂಚುಗಳನ್ನು ಮಕ್ಕಳ ಸಮೇತ, ಕೊನೆಯದನ್ನು ನನ್ನ ಸಮೇತ ಅದೇ ದೊಡ್ಡ ಶಾಲೆಗೆ ವರ್ಗ ಮಾಡಿ ಪುಣ್ಯ ಕಟ್ಟಿಕೊಳ್ಳಿ.

ಸೋತರೂ ಬೆಂಚು ಬಿಡದ
ತಮ್ಮ ವಿಶ್ವಾಸಿ,
ಶಾಲೆ ಪಕ್ಕದ ಮನೆಯ ದೊಡ್ಡಮ್ಮ

ಹೇಳಲು ಉಳಿದದ್ದು: ಇಂದು ಬೆಳಿಗ್ಗೆ ಟೀಚರಮ್ಮ ಎಲ್ಲ ಸಾಮಾನನ್ನೂ ತೊಳೆದು ಹೊತ್ತು ತಂದು ಬಾಗಿಲು ತಟ್ಟಿದಳು. ಚಿಲಕ ಹಾಕಿಕೊಂಡು, "ಮನೇಲಿ ಯಾರೂ ಇಲ್ಲ" ಎಂದು ಒಳಗಿನಿಂದ ನಾನೇ ಕೂಗಿದೆ. ಸುಳ್ಳು ಹೇಳಿದ್ದನ್ನು ದೇವರಿಗೆ ಒಪ್ಪಿಸಿದ್ದೇನೆ. ಯಾರಿಂದ ಹೀಗಾಯಿತೆಂದು ವಿಚಾರಿಸಲು ಅವನಿಗೆ ಅನುಕೂಲವಾಗಲೆಂದು ತಮ್ಮ ಕಚೇರಿಯ ವಿಳಾಸವನ್ನೂ ಕೊಟ್ಟಿದ್ದೇನೆ.