ಭಾವನ ಬೇಸ್‌ಬಾಲೂ ನನ್ನ ಮರ್ಯಾದೆಯೂ

ದೇವರು ಮನುಷ್ಯನಿಗೆ ಕಣ್ಣು, ಕಿವಿ, ಮೂಗು ಎಲ್ಲ ಹಂಚಿದ ಮೇಲೆ ಕೊನೆಯಲ್ಲಿ ಒಂದಿಷ್ಟು ನಾಚಿಕೆಯನ್ನೂ ಕೊಟ್ಟು ಕಳಿಸುತ್ತಾನೆ ಎಂದು ನನ್ನ ನಂಬಿಕೆ. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಅಷ್ಟರಲ್ಲಿ ಸಾಲು ಬಿಟ್ಟು ಹೊರಟಿದ್ದಿರಬೇಕು. ಅವರ ಪಾಲನ್ನೂ ದೇವರು ನನ್ನ ತಲೆಗೇ ಕಟ್ಟಿದ್ದಾನೆ! ಇಲ್ಲದಿದ್ದರೆ ಅವರು ಮಾಡಿದ್ದಕ್ಕೆಲ್ಲ ನನ್ನ ಮುಖ ಯಾಕೆ ಕೆಂಪಾಗಬೇಕು, ನೀವೇ ಹೇಳಿ?

ಭಾವ ಒಮಾನಿನ ನಿಜ್ವಾ ಎಂಬ ಊರಿನ ಒಂದು ಸಣ್ಣ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿದ್ದಾರೆ. ಮದುವೆಯಾಗಿಲ್ಲ. ರಜೆ ಬಂತೆಂದರೆ ಕಾರು ಹತ್ತಿ ಮಸ್ಕತ್‌ಗೆ, ವಾದಿ ಅದಾಯ್‌ನ ನಮ್ಮ ಫ್ಲ್ಯಾಟಿಗೆ ಬಂದುಬಿಡುತ್ತಾರೆ. ನನ್ನ ಗಂಡನೋ, ಕೆಲಸವಿರುವ ದೂರದ ದುಕ್ಮ್‌ನಿಂದ ಕಂಪನಿ ಬಸ್ಸಿನಲ್ಲಿ ಬಂದವರೇ ಹಾಸಿಗೆಗೆ ಬಿದ್ದರೆ ಮಧ್ಯಾಹ್ನದ ತನಕ ಏಳುವ ಪೈಕಿಯಲ್ಲ. ಹಾಗಾಗಿ ಭಾವನ ಜೊತೆ ಊರು ಸುತ್ತುವ ಪುಣ್ಯ ನನ್ನದು.

ಕಳೆದ ವರ್ಷ ಒಂದು ದಿನ ಬಂದವರು ಚಪ್ಪಲಿಯನ್ನೂ ಬಿಚ್ಚದೆ ಘೋಷಿಸಿದರು. "ನಾನೀಗ ಬೇಸ್‌ಬಾಲ್ ಕೋಚು!"

"ನಿಮಗೆ ಬೇಸ್‌ಬಾಲ್ ಬರ್ತದಾ ಭಾವ?"

"ಎಂತ ಉಂಟು ಮಾರಾಯ್ತಿ ಅದರಲ್ಲಿ? ಬಾಲು, ಕೋಲು, ಓಟ. ಮೂರೂ ನಂಗೆ ಗೊತ್ತುಂಟು."

ನಡೆದದ್ದು ಇಷ್ಟು. ಯಾವುದೋ ದೇಶದ ಮೇಷ್ಟ್ರೊಬ್ಬರು ಕಾಲೇಜಿನಲ್ಲಿ ಈ ತಂಡ ಕಟ್ಟಿ, ಹೆಲ್ಮೆಟ್ಟು ಗ್ಲೌಸುಗಳನ್ನು ಬಿಟ್ಟು ತಮ್ಮ ಊರಿಗೆ ಹೋಗಿಬಿಟ್ಟಿದ್ದರು. ಆಮೇಲೆ ಹುಡುಗರು ಸೋತದ್ದೇ ಸೋತದ್ದು. ಸೋಲು ದೊಡ್ಡ ವಿಷಯವಲ್ಲ, ಸೋಲುತ್ತಿರುವಾಗಲೇ ಮೆಲ್ಲಗೆ ಮೈದಾನ ಬಿಡುತ್ತಿದ್ದರು! ಶೂ ಲೇಸು ಕಟ್ಟಿ ಬರುತ್ತೇನೆಂದು ಹೋದವನು ಮನೆಯಲ್ಲಿ ಊಟಕ್ಕೆ ಕೂತಿರುತ್ತಿದ್ದ. ಆಡಲು ಜನ ಸಾಲದೆ ಪಂದ್ಯ ಅರ್ಧಕ್ಕೆ ನಿಲ್ಲುತ್ತಿತ್ತು. ಇನ್ನೊಂದು ಸಲ ಹಾಗಾದರೆ ಖಲಾಸ್, ತಂಡವನ್ನೇ ಮುಚ್ಚುತ್ತೇನೆ ಎಂದು ಪ್ರಿನ್ಸಿಪಾಲರು ಹೇಳಿದಾಗ ಕೋಚ್ ಆಗಲು ಕೈ ಎತ್ತಿದ ಏಕೈಕ ಮಹಾನುಭಾವರು ನಮ್ಮ ಭಾವ.

ಅಲ್ಲಿಂದ ಶುರುವಾಯಿತು ನನ್ನ ಮರ್ಯಾದೆಯ ಹರಾಜು. ಬೇಸ್‌ಬಾಲಿನಲ್ಲಿ ಓಡುವವನು ಕೊನೆಗೆ ನೆಲದ ಮೇಲೆ ಜಾರಿಕೊಂಡು ಗುರಿ ಮುಟ್ಟಬೇಕಂತೆ, ಮುಟ್ಟಿದರೆ 'ಸೇಫ್', ಅಂದರೆ ಔಟಿಲ್ಲ. ಭಾವ ಅದನ್ನು ಅಭ್ಯಾಸ ಮಾಡಿದ್ದು ಎಲ್ಲಿ? ಹೈಪರ್ ಮಾರ್ಕೆಟ್ಟಿನಲ್ಲಿ! ನುಣ್ಣನೆಯ ನೆಲ ಕಂಡದ್ದೇ ತಡ, ಅಕ್ಕಿಯ ಸಾಲಿನಲ್ಲಿ ಓಡಿ, ಜರ್ರನೆ ಜಾರಿ, ಯಾರದೋ ಟ್ರಾಲಿಯನ್ನು ಕಾಲಿನಿಂದ ಮುಟ್ಟಿ "ಸೇಫ್!" ಎಂದು ಕೂಗಿದರು. ಟ್ರಾಲಿ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯ ಹೆಂಡತಿಯದ್ದು. ನಾನು ಕುಚ್ಚಲಕ್ಕಿಯ ಚೀಲದ ಕಡೆ ತಿರುಗಿ, ಹಿಂದೆಂದೂ ಅಕ್ಕಿ ನೋಡದವಳ ಹಾಗೆ ಅದರ ಮೇಲಿನ ಅಕ್ಷರ ಓದುತ್ತ ನಿಂತೆ. ಆಕೆ ನನ್ನ ಬೆನ್ನಿಗೇ ಕೇಳಿದರು, "ಇವರು ನಿಮ್ಮವರಲ್ವಾ?"

ಅಲ್ಲ ಎನ್ನಲು ಬಾಯಿ ತೆರೆದಿದ್ದೆ, ದೇವರಾಣೆ! ಅಷ್ಟರಲ್ಲಿ ನನ್ನ ಮಗಳು "ದೊಡ್ಡಪ್ಪಾ, ಒನ್ಸ್ ಮೋರ್!" ಎಂದು ಚಪ್ಪಾಳೆ ತಟ್ಟಿಬಿಟ್ಟಳು.

ಮುಂದಿನ ರಜೆಗೆ ಲಗೋರಿ. ಚೆಂಡನ್ನು ಗುರಿಗೆ ಎಸೆಯಲು ಕಲಿಸಬೇಕಾದರೆ ಲಗೋರಿಯನ್ನು ಬಿಟ್ಟರೆ ವಿದ್ಯೆಯೇ ಇಲ್ಲವೆಂದು ತೀರ್ಮಾನಿಸಿ, ನಮ್ಮ ಬೀದಿಯ ಟೈಲ್ಸ್ ಅಂಗಡಿಯ ಹಿಂದಿನ ಕಸದ ರಾಶಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಡೆದ ಬಿಲ್ಲೆಗಳನ್ನು ಹೆಕ್ಕುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಆಫೀಸಿನ ಮ್ಯಾನೇಜರ್ ಕಾರು ನಿಲ್ಲಿಸಿ, ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಬಹಳ ಮೆತ್ತಗೆ ವಿಚಾರಿಸಿದರು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಇಷ್ಟೆಲ್ಲ ಆದ ಮೇಲೆ ಮಸ್ಕತ್‌ನಲ್ಲೇ ಪಂದ್ಯ ಬಂತು. ನಾನು ಹೋಗುವುದಿಲ್ಲವೆಂದು ಹಟ ಹಿಡಿದೆ. ಮಗಳು ಬಿಡಬೇಕಲ್ಲ! ಮೈದಾನಕ್ಕೆ ಹೋಗಿ ನೋಡುತ್ತೇನೆ, ಹುಡುಗರು ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ನಿಂತಿದ್ದಾರೆ. ಭಾವ ನನ್ನ ಅಡುಗೆಮನೆಯ ಉಪ್ಪು, ಒಣಮೆಣಸು ಹಿಡಿದು ಅವರೆಲ್ಲರಿಗೂ ದೃಷ್ಟಿ ತೆಗೆಯುತ್ತಿದ್ದಾರೆ! ನಿವಾಳಿಸಿ ನಿವಾಳಿಸಿ ತಟ್ಟೆಯಲ್ಲಿದ್ದ ಇದ್ದಿಲ ಕೆಂಡಕ್ಕೆ ಹಾಕಿದ್ದೇ ಹಾಕಿದ್ದು, ಘಾಟು ಎದ್ದು ಎದುರು ತಂಡ, ಅಂಪೈರು, ಪ್ರೇಕ್ಷಕರು ಎಲ್ಲ ಕೆಮ್ಮಲು ತೊಡಗಿದರು.

"ನೋಡಿದಿಯಾ, ಎಂಥ ಘಾಟು! ದೃಷ್ಟಿ ಇದ್ರೆ ಘಾಟೇ ಬರುದಿಲ್ಲ. ನಮ್ಮ ಮಕ್ಕಳಿಗೆ ಯಾರ ದೃಷ್ಟಿಯೂ ಇಲ್ಲ."

"ಯಾವಾಗಲೂ ಸೋಲುವವರಿಗೆ ಯಾರು ದೃಷ್ಟಿ ಹಾಕ್ತಾರೆ ಭಾವ?" ಎಂದೆ, ಮೂಗಿಗೆ ದುಪಟ್ಟಾ ಒತ್ತಿಕೊಂಡು.

ತಂಡದ ನಾಯಕ ಸಲೀಂನ ತಾಯಿ ಎದ್ದು ಬಂದರು. ಬೈಯಲಿಕ್ಕೇ ಬಂದರೆಂದು ನಾನು ಮುದುಡಿ ಹೋದೆ. ಅವರು ಮಗನನ್ನು ಕೇಳಿ ವಿಷಯ ತಿಳಿದವರೇ, ಕಾರಿನಿಂದ ತಮ್ಮ ಧೂಪದ ಪಾತ್ರೆ ತಂದು, ಲುಬಾನ್ ಎಂಬ ಅವರ ಸಾಂಬ್ರಾಣಿ ಉರಿಸಿ, ಅದೇ ಹುಡುಗರ ತಲೆಗಳ ಸುತ್ತ ಹೊಗೆ ಹಿಡಿದರು. ಆಮೇಲೆ ನನ್ನ ಕಡೆ ನೋಡಿ ಏನೋ ಹೇಳಿದರು. ಸಲೀಂ ಅದನ್ನು ಹಿಂದಿಯಲ್ಲಿ ಹೇಳಿದ, "ಕೋಚ್‌ಗೆ ದೃಷ್ಟಿ ಯಾರು ತೆಗೀತಾರೆ ಅಂತ ಅಮ್ಮ ಕೇಳ್ತಿದ್ದಾರೆ." ಆ ಮನುಷ್ಯನ ಮನೆಯವಳು ನಾನೇ ಎಂದು ಇಡೀ ಮೈದಾನಕ್ಕೆ ಗೊತ್ತಾಗುವ ಭಯಕ್ಕೆ ನಾನು ಕೈಚೀಲದೊಳಗೆ ಏನನ್ನೋ ಹುಡುಕುವವಳಂತೆ ಕೂತೆ.

ಆಟದ ವಿಷಯ ಕೇಳಬೇಡಿ. ಎದುರಿನವರು ಹೊಡೆದದ್ದಕ್ಕೆ ಲೆಕ್ಕವಿಲ್ಲ, ನಮ್ಮವರದ್ದು ಸೊನ್ನೆ. ಸುತ್ತಲಿನವರು ನಗಲು ಶುರುಮಾಡಿದರು. ಕೊನೆಕೊನೆಗೆ ಸಲೀಂ ಕೈಯಿಂದ ಒಂದು ಸುಲಭದ ಚೆಂಡು ಜಾರಿತು. ಇಡೀ ಮೈದಾನ ಹೋ ಎಂದಿತು. ಅವನು ಗ್ಲೌಸಿನಿಂದ ಮುಖ ಮುಚ್ಚಿಕೊಂಡು ಗೇಟಿನ ಕಡೆ ನಡೆದ. ಉಳಿದವರೂ ಗೇಟನ್ನೇ ನೋಡತೊಡಗಿದರು. ನಾಯಕನೇ ಹೋದರೆ ಮತ್ತೆ ಯಾರು ನಿಲ್ಲುತ್ತಾರೆ? ಮುಗಿಯಿತು, ತಂಡ ಖಲಾಸ್ ಎಂದುಕೊಂಡೆ.

ಆಗ ಓಡಿದರು ನೋಡಿ ಭಾವ! ಹೊಟ್ಟೆ ಕುಣಿಸುತ್ತ ಮೈದಾನಕ್ಕೆ ಅಡ್ಡಲಾಗಿ ಓಡಿ, ಗೇಟಿಗೆ ನಾಲ್ಕು ಮಾರು ಇರುವಾಗ ಧಡಾರೆಂದು ಬಿದ್ದು, ಜಲ್ಲಿಯ ಮೇಲೆ ಹೊಟ್ಟೆಯಲ್ಲೇ ಜಾರಿ, ಎರಡೂ ಕೈಯಿಂದ ಸಲೀಂನ ಶೂ ಹಿಡಿದು ಕೂಗಿದರು, "ಸೇಫ್!" ಪ್ಯಾಂಟು ಹಿಂದಿನಿಂದ ಪರ್ರೆಂದು ಹರಿದದ್ದು ನಾನು ಕೂತಲ್ಲಿಗೆ ಕೇಳಿಸಿತು.

ಮೈದಾನಕ್ಕೆ ಮೈದಾನವೇ ಬಿದ್ದು ಬಿದ್ದು ನಕ್ಕಿತು. ಸಲೀಂ ಬಿಟ್ಟ ಚೆಂಡು ಯಾರಿಗೂ ನೆನಪಿರಲಿಲ್ಲ. ಸಲೀಂ ಕೂಡ ನಗುತ್ತ ಕೋಚನ್ನು ಎಬ್ಬಿಸಿ, ಧೂಳು ಕೊಡವಿ, ತನ್ನ ಜಾಗಕ್ಕೆ ವಾಪಸು ಹೋದ. ಆಟ ಕೊನೆಯ ತನಕ ನಡೆಯಿತು. ಸೋತರು. ಒಬ್ಬನೂ ಹೋಗಿರಲಿಲ್ಲ.

ಕಾರಿನಲ್ಲಿ ಕೂತದ್ದೇ ನಾನು ಹರಿಹಾಯ್ದೆ. "ಇಷ್ಟು ವಯಸ್ಸಾಯ್ತು ಭಾವ! ಒಂದು ಚೂರಾದ್ರೂ ನಾಚಿಕೆ ಆಗುದಿಲ್ವಾ ನಿಮಗೆ?"

ಅವರು ತರಚಿಹೋದ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದರು.

"ಆಗ್ತದೆ ಮಾರಾಯ್ತಿ. ಯಾಕೆ ಆಗುದಿಲ್ಲ? ಈಗಲೂ ಮುಖ ಎತ್ಲಿಕ್ಕೆ ಆಗುದಿಲ್ಲ ನಂಗೆ." ಅಂಗೈಗೆ ಅಂಟಿದ ಜಲ್ಲಿಯ ಚೂರು ಕೀಳುತ್ತ ಹೇಳಿದರು, "ಕಾಲೇಜಲ್ಲಿ ವಾಲಿಬಾಲ್ ಆಡುವಾಗ ನಾನೂ ಹೀಗೇ ಗೇಟು ದಾಟಿ ಹೋದವ. ಯಾರಾದ್ರೂ ಕರೀತಾರೆ ಅಂತ ಬಸ್‌ಸ್ಟ್ಯಾಂಡಿನ ತನಕ ತಿರುಗಿ ತಿರುಗಿ ನೋಡಿದೆ. ಯಾರೂ ಕರೀಲಿಲ್ಲ. ಮತ್ತೆ ನಾನು ಯಾವ ಮೈದಾನಕ್ಕೂ ಇಳೀಲಿಲ್ಲ. ಈ ಮಕ್ಕಳಿಗೆ ಹಾಗಾಗುದು ಬೇಡ. ಜನ ನಗುದಾದ್ರೆ ನನ್ನನ್ನು ನೋಡಿ ನಗಲಿ, ಅಲ್ವಾ?"

ಮನೆಗೆ ಬಂದ ಮೇಲೆ, ಆಗ ತಾನೇ ಎದ್ದಿದ್ದ ಗಂಡನ ಎದುರೇ ಭಾವನನ್ನು ಕುರ್ಚಿಯಲ್ಲಿ ಕೂರಿಸಿ, ಉಳಿದ ಇದ್ದಿಲು ಹೊತ್ತಿಸಿ, ಉಪ್ಪು, ಮೆಣಸು ತಂದೆ.

"ಎಂತ ಮಾಡ್ತೀ? ನಾನೇನು ಮಗುವಾ?" ಎಂದರು ಭಾವ.

"ಸುಮ್ನೆ ಕೂತ್ಕೊಳ್ಳಿ" ಎಂದು ತಲೆಯಿಂದ ಹರಿದ ಪ್ಯಾಂಟಿನವರೆಗೂ ನಿವಾಳಿಸಿ ಕೆಂಡಕ್ಕೆ ಹಾಕಿದೆ. ಮೆಣಸು ಕಪ್ಪಾಯಿತು, ಉಪ್ಪು ಚಟಪಟ ಎಂದಿತು. ಘಾಟು ಮಾತ್ರ ಒಂದಿಷ್ಟೂ ಬರಲಿಲ್ಲ.

"ಅಯ್ಯೋ, ಇಷ್ಟು ದೃಷ್ಟಿ ಇತ್ತಾ ನಂಗೆ? ಯಾರದ್ದಪ್ಪ?" ಭಾವ ಹೌಹಾರಿದರು.

"ಹೊರಗಿನವರದ್ದಲ್ಲ ಭಾವ" ಎಂದು ಹೇಳಿ, ಘಾಟಿಲ್ಲದ ಆ ಹೊಗೆಯ ಎದುರು ನಿಂತು ಕಣ್ಣು ಒರೆಸಿಕೊಂಡೆ.