ದೊಡ್ಡಪ್ಪನ ವಿಭೂತಿ, ದೊಡ್ಡಮ್ಮನ ಮೆಷಿನ್ನು

ನಮ್ಮ ದೊಡ್ಡಪ್ಪನ ಮನೆಯಲ್ಲಿ ವಿಭೂತಿ ಇಲ್ಲದ ಹಣೆ ಸಿಕ್ಕೀತು, ವಿಭೂತಿ ಇಲ್ಲದ ಮೆಷಿನ್ ಸಿಗಲಾರದು! ಫ್ರಿಜ್ಜು, ಮಿಕ್ಸಿ, ಸ್ಕೂಟರು, ಬೆಳಗಾದರೆ ಎಲ್ಲಕ್ಕೂ ಒದ್ದೆ ವಿಭೂತಿಯ ಮೂರು ಗೆರೆ. ಒಮ್ಮೆ ಟಿವಿ ರಿಮೋಟಿನ ಮೂತಿಗೇ ಬಳಿದುಬಿಟ್ಟರು. ಚಾನೆಲ್ ಬದಲಾಗಲಿಲ್ಲ. ಕೊಳ್ಳೇಗಾಲದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನಾನು ಅವರ ಊರಾದ ಹೊನ್ನೂರಿಗೆ ಹೋಗಿ, ಅಂಗಿಯ ತುದಿಯಲ್ಲಿ ಒರೆಸಿಕೊಟ್ಟೆ.

"ನೋಡ್ದಾ, ಇಬೂತಿ ಇಕ್ಕಿದ್ಕೇ ಇಷ್ಟು ಬಿರ್ನೆ ಸರ್ಯಾಯ್ತು!" ಎಂದರು. ಇಂಥವರಿಗೆ ಏನು ಹೇಳುತ್ತೀರಿ?

ಆದರೆ ಮೊನ್ನೆ ನಗು ಬರಲಿಲ್ಲ. ದೊಡ್ಡಮ್ಮನಿಗೆ ಉಬ್ಬಸ. ಗದ್ದೆಗಳಲ್ಲಿ ಕಬ್ಬಿನ ತರಗು ಸುಡುವ ಕಾಲ ಬಂದರೆ, ಔಷಧಿಯನ್ನು ಆವಿ ಮಾಡಿ ಉಸಿರಿಗೆ ಕೊಡುವ ನೆಬುಲೈಜರ್ ಬೆಳಗ್ಗೆ ಸಂಜೆ ಬೇಕೇ ಬೇಕು. ಅದಕ್ಕೂ ವಿಭೂತಿ ಬಿದ್ದಿತ್ತು, ಅದೂ ಕರೆಂಟ್ ಪಿನ್ನು ಚುಚ್ಚುವ ಸಾಕೆಟ್ಟಿನ ಬಾಯಿಗೆ! ಅದು ಒಣಗಿ ಗಾರೆಯಾದ ಮೇಲೆ ದೊಡ್ಡಪ್ಪ ಪಿನ್ನನ್ನು ಬಲವಾಗಿ ಒತ್ತಿದ್ದಾರೆ. ಸಾಕೆಟ್ಟೇ ಮೆಷಿನ್ನಿನ ಒಳಗಿನ ಬೋರ್ಡಿನಿಂದ ಕಿತ್ತುಬಂದಿದೆ. ಬೆಳಗಿನದೇನೋ ಯಳಂದೂರಿನ ಆಸ್ಪತ್ರೆಯಲ್ಲಿ ಆಯಿತು. ಸಂಜೆಗೆ?

ಮಧ್ಯಾಹ್ನ ಇಬ್ಬರೂ ಆಟೋದಲ್ಲಿ ನನ್ನ ಅಂಗಡಿಗೆ ಬಂದಿಳಿದರು. ದೊಡ್ಡಪ್ಪ ಮೆಷಿನ್ನನ್ನು ಟವೆಲಿನಲ್ಲಿ ಸುತ್ತಿ ಕೂಸಿನಂತೆ ಎತ್ತಿಕೊಂಡಿದ್ದರು.

"ಆಯ್ತದೇನ್ಲಾ?"

"ನೋಡ್ಬೇಕು ದೊಡ್ಡಪ್ಪ."

"ನೋಡ್ಬೇಕು ಅಂದ್ರೆ ಏನ್ಲಾ? ಆಯ್ತದೆ ಅನ್ನು!"

ಬಿಚ್ಚಿದೆ. ಸಾಕೆಟ್ಟಿನ ಜೊತೆ ಬೋರ್ಡಿನ ತಾಮ್ರದ ಗೆರೆಯೂ ಎದ್ದುಬಂದಿತ್ತು. ಹಳೆಯ ಬೋರ್ಡೊಂದರಿಂದ ಅದೇ ಅಳತೆಯ ಸಾಕೆಟ್ ತೆಗೆದು ಕೂರಿಸಿ, ಹರಿದ ಗೆರೆಯ ಬದಲು ಕೂದಲೆಳೆಯಂಥ ತಂತಿ ಬೆಸೆಯತೊಡಗಿದೆ. ಹಿಂದೆ ಸ್ಟೂಲಿನ ಮೇಲೆ ಕುಳಿತ ದೊಡ್ಡಮ್ಮನ ಎದೆ ಆಗಲೇ ಸುಯ್ ಎನ್ನುತ್ತಿತ್ತು. ದೊಡ್ಡಪ್ಪನ ಕಡೆಯಿಂದ ಮಾತ್ರ ಸದ್ದೇ ಇಲ್ಲ! ತಿರುಗಿ ನೋಡಿದರೆ, ಬೆಸುಗೆ ಅಲುಗೀತೆಂದು ಉಸಿರು ಬಿಗಿಹಿಡಿದು ಕೆಂಪಗಾಗಿದ್ದಾರೆ.

"ಉಸಿರಾಡಿ ದೊಡ್ಡಪ್ಪ! ಇರೋದು ಒಂದೇ ಮೆಷಿನ್ನು!"

ಪಿನ್ನು ಚುಚ್ಚಿದೆ. ಏನೂ ಇಲ್ಲ. ಇನ್ನೊಮ್ಮೆ ಸ್ವಿಚ್ ಒತ್ತಿದೆ. ಗುರ್ರ್ ಎಂದಿತು! ದೊಡ್ಡಮ್ಮ ಮಾಸ್ಕ್ ಹಿಡಿದರು. ಸುಯ್ ಎನ್ನುವ ಸದ್ದು ನಿಧಾನವಾಗಿ ಇಳಿಯಿತು.

ದೊಡ್ಡಪ್ಪನ ಕೈ ಅಭ್ಯಾಸಬಲದಿಂದ ಜೇಬಿನ ವಿಭೂತಿ ಗಟ್ಟಿಗೆ ಹೋಯಿತು. ನೀರು ಹಚ್ಚಿ ತೇಯ್ದ ಬೆರಳುಗಳು ಮೆಷಿನ್ನಿನ ಹತ್ತಿರ ಬಂದು ಗಕ್ಕನೆ ನಿಂತವು.

"ನನ್ನಿಂದ್ಲೇ ಅಲ್ವೇನ್ಲಾ ಇವ್ಳಿಗೆ ಇಷ್ಟೆಲ್ಲ ಆದದ್ದು" ಎಂದು ಬೆರಳನ್ನು ಪಂಚೆಗೆ ಒರೆಸಹೊರಟರು.

ದೊಡ್ಡಮ್ಮ ಮಾಸ್ಕ್ ಸರಿಸಿದರು. "ಒರುಸ್ಬ್ಯಾಡಿ. ಅದ್ಕ್ಯಾಕೆ? ನಂಗಿಕ್ಕಿ" ಎಂದು ಹಣೆಯೊಡ್ಡಿದರು.

ಮಿಕ್ಸಿಗೂ ಫ್ರಿಜ್ಜಿಗೂ ಸ್ಕೇಲಿಟ್ಟ ಹಾಗೆ ಎಳೆಯುವ ಆ ಬೆರಳುಗಳು, ಅವತ್ತು ದೊಡ್ಡಮ್ಮನ ಹಣೆಯ ಮೇಲೆ ಮೂರು ಗೆರೆಯನ್ನೂ ಸೊಟ್ಟಗೆ ಎಳೆದವು.